ಏಳನೆಯ ಕಂಬ

ಕಂಬ ಎಣಿಸುವ ಕೆಲಸವನ್ನು ವಿಜಯಕುಮಾರಿಗೆ ಯಾರೂ ಹೇಳಿರಲಿಲ್ಲ. ಅವಳನ್ನು ಕರೆದದ್ದು ಪಟ್ಟಿ ಮಾಡುವುದಕ್ಕೆ.

ಕೋಯಮತ್ತೂರಿನ ಬಳಿಯ ಸಿಂಗಾನಲ್ಲೂರಿನಿಂದ ಪಲ್ಲಡಂ ಕಡೆ ಹೋಗುವ ಬಸ್ಸು ನೇಕಾರರ ಬೀದಿಯ ತಿರುವಿನಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಅಲ್ಲಿಂದ ಹುಣಿಸೆಮರಗಳ ಸಾಲು ಹಿಡಿದು ನಡೆದರೆ ಹಳೆಯ ಲೂಥರನ್ ಸೆಮಿನರಿ, ಪಾದ್ರಿಗಳಾಗುವವರು ಓದುತ್ತಿದ್ದ ಶಾಲೆ. ಬೀದಿಯವರ ಬಾಯಲ್ಲಿ ಅದು ಪಾದ್ರಿ ಪಳ್ಳಿಕೂಡ. ಹನ್ನೊಂದು ವರ್ಷದ ಹಿಂದೆ ಓದುವವರನ್ನೆಲ್ಲ ಬೇರೆ ಊರಿನ ದೊಡ್ಡ ಕಾಲೇಜಿಗೆ ಸೇರಿಸಿ ಇದನ್ನು ಮುಚ್ಚಿದರು. ಉಳಿದದ್ದು ಕಟ್ಟಡ, ಗಂಟೆ, ಗೆದ್ದಲು. ಇವನ್ನೆಲ್ಲ ನೋಡಿಕೊಳ್ಳಲು ಪಾಸ್ಟರ್ ಜ್ಞಾನಾಭರಣಂ. 1985ರ ನವೆಂಬರಿಗೆ ಸೆಮಿನರಿಗೆ ನೂರು ವರ್ಷ ತುಂಬುವುದಿತ್ತು. ಒಂದು ಕೋಣೆಯಲ್ಲಿ ಹಳೆಯ ಫೋಟೋಗಳನ್ನೂ ಸಾಮಾನುಗಳನ್ನೂ ಜೋಡಿಸಿಡಬೇಕು, ಒಂದೊಂದರ ಕೆಳಗೂ ಚೀಟಿ ಇರಬೇಕು ಎಂದು ಸಮಿತಿ ತೀರ್ಮಾನಿಸಿತು. ಚರಿತ್ರೆಯಲ್ಲಿ ಎಂ.ಎ. ಮಾಡಿ, ವಿಶ್ವವಿದ್ಯಾಲಯದ ದಾಖಲೆ ಕೋಣೆಯಲ್ಲಿ ಮೂರು ತಿಂಗಳು ಕೆಲಸ ಕಲಿತವಳು ಸುತ್ತಮುತ್ತ ಒಬ್ಬಳೇ ಇದ್ದಳು. ಅವಳು ಕ್ರಿಸ್ತ ಮತದವಳಲ್ಲ, ಮನೆಯಲ್ಲಿ ಕನ್ನಡ ಆಡುವ ನೇಕಾರರ ಬೀದಿಯ ಸೊಸೆ. ಸಮಿತಿ ಅದನ್ನು ದೊಡ್ಡದು ಮಾಡಲಿಲ್ಲ.

ಅವಳ ಮಾವ ಗೋಪಾಲಸಾಮಿಯೂ ಮೊದಲಿಗೆ ಬೇಡವೆನ್ನಲಿಲ್ಲ. ಮಗ ಸತ್ತ ಮೇಲೆ ಸೊಸೆ ಅತ್ತಿದ್ದನ್ನು ಯಾರೂ ನೋಡಿರಲಿಲ್ಲ. ಊಟಕ್ಕೆ ಕರೆದರೆ ಉಣ್ಣುತ್ತಿದ್ದಳು, ಕರೆಯದಿದ್ದರೆ ಇಲ್ಲ. ಗೋಡೆ ನೋಡುತ್ತ ಕೂತಿರುತ್ತಿದ್ದಳು. ಅಂಥವಳು ಬೆಳಗ್ಗೆ ಒಂಬತ್ತಕ್ಕೆ ಎದ್ದು ಹೊರಗೆ ಹೋಗುತ್ತಾಳೆ ಎಂದರೆ ಮನೆಗೆ ಒಂದಿಷ್ಟು ಗಾಳಿ ಬಂದಂತೆ.

ಅವಳು ನೋಡುತ್ತಿದ್ದ ಗೋಡೆಯಲ್ಲಿ ಗಂಡ ಈಶ್ವರನ್‌ನ ಫೋಟೋ ಇತ್ತು. ಕಾಮಾಲೆ ಬಂದು ಒಂಬತ್ತು ದಿನಕ್ಕೆ ಹೋದವನು. ಒಂಟಿಯಾಗಿ ಫೋಟೋ ತೆಗೆಸಿಕೊಂಡವನಲ್ಲ. ಇಂಥ ಹೊತ್ತಿಗೆ ಬೀದಿಯಲ್ಲಿ ಒಂದು ದಾರಿ ಉಂಟು. ಮದುವೆಯ ಫೋಟೋವನ್ನು ಸ್ಟುಡಿಯೋಗೆ ಕೊಟ್ಟು ಗಂಡನನ್ನಷ್ಟೇ ದೊಡ್ಡದು ಮಾಡಿಸುತ್ತಾರೆ. ಹೆಂಡತಿ ಇದ್ದ ಕಡೆ ಬೂದು ಬಣ್ಣ ಬಳಿಯುತ್ತಾರೆ. ಬದುಕಿರುವವಳ ಮುಖಕ್ಕೆ ಹೂವಿನ ಹಾರ ಹಾಕಬಾರದಲ್ಲ. ಹೀಗೆ ವಿಜಯಕುಮಾರಿಯ ಮುಖ, ಭುಜ, ಸೀರೆ ಎಲ್ಲ ಹೋದವು. ಅವನ ಮೊಣಕೈ ಮೇಲೆ ಇಟ್ಟಿದ್ದ ಮೂರು ಬೆರಳು ಮಾತ್ರ ಉಳಿದವು. ಗೊತ್ತಿಲ್ಲದವರಿಗೆ ಅವು ಅಂಗಿಯ ಮಡಿಕೆಯಂತೆ ಕಾಣುತ್ತವೆ.

ಬಣ್ಣ ಬಳಿದು ಮುಚ್ಚಿದ ಜಾಗ ಹೇಗಿರುತ್ತದೆ ಎಂಬುದನ್ನು ಅವಳು ಎರಡು ವರ್ಷ, ದಿನಾ, ನೋಡಿದ್ದಳು.

ಸೆಮಿನರಿಯಲ್ಲಿ ಅವಳು ಕೆಲಸ ಮಾಡುವ ಕ್ರಮ ಇದು. ಗುಂಪಿನ ಫೋಟೋದ ಮೇಲೆ ಬೆಣ್ಣೆ ಕಾಗದ ಹಾಸಿ, ಪ್ರತಿ ತಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದು, ತಲೆಗೊಂದು ನಂಬರು ಕೊಡುವುದು. ಆಮೇಲೆ ಊರಿನ ಹಳಬರಿಗೆ ತೋರಿಸಿ ‘ಐದು ಯಾರು, ಹನ್ನೆರಡು ಯಾರು’ ಎಂದು ಕೇಳಿ ಹೆಸರು ತುಂಬುವುದು. 1931ರ ಫೋಟೋ ಐವತ್ತು ವರ್ಷದಿಂದ ದೊಡ್ಡ ಹಜಾರದಲ್ಲೇ ತೂಗುತ್ತಿತ್ತು. ಮುಂದಿನ ಜಗಲಿಯ ಅಂಚಿನಲ್ಲಿ, ಕಂಬಗಳ ನಡುನಡುವೆ ಕುರ್ಚಿ ಹಾಕಿ ಅಧ್ಯಾಪಕರು ಕೂತಿದ್ದರು. ಹಿಂದೆ ಎರಡು ಸಾಲು ವಿದ್ಯಾರ್ಥಿಗಳು. ಒಟ್ಟು ಮೂವತ್ತೊಂಬತ್ತು ತಲೆ. ಆರನೆಯ ತಲೆ ಆಗಿನ ಪ್ರಾಂಶುಪಾಲನಾಗಿದ್ದ ಬಿಳಿಯ ದೊರೆಯದು, ಏಳನೆಯದು ಮುಂದೆ ಬಿಷಪ್ ಆದವರದು. ಇವೆರಡರ ನಡುವೆ ಒಂದು ಕಂಬ.

ಅವಳು ಪೆನ್ಸಿಲ್ ಕೆಳಗಿಟ್ಟಳು. ಆ ಕಂಬ ಬಹಳ ಬೆಳ್ಳಗಿತ್ತು. ಅದಕ್ಕೆ ನೆರಳಿರಲಿಲ್ಲ. ಅವಳು ಎದ್ದು ಹೊರಗೆ ಹೋಗಿ, ಬಿಸಿಲಿನಲ್ಲಿ ನಿಂತು, ಜಗಲಿಯ ಕಂಬಗಳನ್ನು ಎಡದಿಂದ ಬಲಕ್ಕೆ ಎಣಿಸಿದಳು. ಬಲದಿಂದ ಎಡಕ್ಕೂ ಎಣಿಸಿದಳು. ಆರು. ಒಳಗೆ ಬಂದು ಫೋಟೋದಲ್ಲಿ ಎಣಿಸಿದಳು. ಏಳು.

ಪಾಸ್ಟರ್ ಜ್ಞಾನಾಭರಣಂಗೆ ಅರವತ್ತು ದಾಟಿತ್ತು. ಒಳ್ಳೆಯವರು, ಹೊಟ್ಟೆ ಹುಣ್ಣಿನವರು; ಯಾರಾದರೂ ದನಿ ಏರಿಸಿದರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅವರೊಡನೆ ಅವಳ ಮಾತೆಲ್ಲ ತಮಿಳಿನಲ್ಲಿ.

“ಆಗ ಏಳು ಇದ್ದಿರಬೇಕಮ್ಮ. ಒಂದನ್ನು ಗೆದ್ದಲು ತಿಂದಿರಬೇಕು.”

“ಕಲ್ಲಿನ ಕಂಬ ಅಯ್ಯಾ.”

ಪಾಸ್ಟರ್ ಕನ್ನಡಕ ತೆಗೆದು ಒರೆಸಿದರು. “ಹೋಗಲಿ ಬಿಡು. ಒಂದು ಕಂಬ ಹೆಚ್ಚಿದ್ದರೆ ಯಾರಿಗೆ ನಷ್ಟ?”

ಆ ಸಂಜೆ ಅವಳು ಫೋಟೋವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತನ್ನ ಬೀದಿಯ ಕುಪ್ಪಮ್ಮನ ಮನೆಗೆ ಹೋದಳು. ಕುಪ್ಪಮ್ಮನಿಗೆ ಎಪ್ಪತ್ತರ ಹತ್ತಿರ. ಬಾಯಲ್ಲಿ ಹಲ್ಲು ನಾಲ್ಕು, ಮಾತು ನಾನೂರು. ಜಗಲಿಯಲ್ಲಿ ರಾಟೆ ಮುಂದೆ ಕೂತು ನೂಲು ಸುತ್ತುತ್ತಿದ್ದಳು.

“ವಾ ಅಮ್ಮಣಿ, ಕುಂತ್ಕೋ. ಏನು, ಪಾದ್ರಿಗಳ ತಲೆ ಎಣಿಸಿ ಆಯ್ತಾ? ಎಷ್ಟು ತಲೆಯಲ್ಲಿ ಮೂಳೆ ಇತ್ತು?”

“ಮೂವತ್ತೊಂಬತ್ತು ತಲೆ ಕುಪ್ಪಜ್ಜಿ. ಒಂದಿಷ್ಟು ಹೆಸರು ಬೇಕು. ನಿಮ್ಗೆ ಯಾರಾದ್ರೂ ಗೊತ್ತಾಗ್ತಾರಾ ನೋಡಿ.”

ಮುದುಕಿ ಫೋಟೋವನ್ನು ಬೆಳಕಿಗೆ ತಿರುಗಿಸಿ ಮೂಗಿನ ಹತ್ತಿರ ಹಿಡಿದಳು. ಅವಳ ಬೆರಳು ಮೊದಲ ಸಾಲಿನ ಮೇಲೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು.

“ಇವಳನ್ನ ಬಿಟ್ರೆ ನಂಗೆ ಯಾರೂ ತೆರಿಯಾದು. ಇವಳು ಬೆಳ್ಳಿಯತ್ತೆ.”

ಬೆರಳು ಇದ್ದದ್ದು ಕಂಬದ ಮೇಲೆ.

ವಿಜಯಕುಮಾರಿ ಬಗ್ಗಿ ನೋಡಿದಳು. “ಅದು ಕಂಬ ಅಲ್ವಾ, ಅಜ್ಜಿ?”

“ಕಂಬಾನೇ. ಕಂಬ ಮಾಡ್ಬಿಟ್ರು. ನಿನ್ನ ಮಾಮನ ಸೋದರತ್ತೆ, ಅವನ ಅಪ್ಪನ ಅಕ್ಕ. ನಿನ್ಗೆ ಹೇಳಿಲ್ವಾ? ಎಲ್ಲಿ ಹೇಳ್ತಾನೆ!” ಕುಪ್ಪಮ್ಮ ರಾಟೆ ನಿಲ್ಲಿಸಿದಳು. “ಹತ್ತೊಂಬತ್ತಕ್ಕೇ ಗಂಡನ್ನ ತಿಂದ್ಕೊಂಡ್ಳು ಅಂತ ಮನೆಗೆ ಕರ್ಕೊಂಡು ಬಂದ್ರು. ಮಗ್ಗದ ಕೆಲಸದಲ್ಲಿ ಅವಳಂಥ ಕೈ ಈ ಬೀದೀಲಿ ಇರ್ಲಿಲ್ಲ. ಆದ್ರೆ ಮುಂಡೆ ಕೈಯಿಂದ ಮಗ್ಗಕ್ಕೆ ಮೊದಲ್ನೇ ನೂಲು ಕಟ್ಟುಸ್ಬಾರ್ದಲ್ಲ? ಕುಂತ್ಕೋ ಮೂಲೇಲಿ ಅಂದ್ರು. ಅವಳು ಎದ್ದು ನಡ್ದೇ ಬಿಟ್ಳು ಪಳ್ಳಿಕೂಡಕ್ಕೆ. ‘ನಿಮ್ಮ ಸಾಮಿಗೆ ಮುಂಡೆ ಕೈ ಆಗ್ತದಾ?’ ಅಂತ ದೊರೆಯನ್ನೇ ಕೇಳಿದ್ಳು. ಅವನಿಗೆ ಇವಳ ಮಾತು ಒಂದೂ ಪುರಿಯಲಿಲ್ಲ, ತಲೆ ಆಡಿಸ್ದ. ಹಿಂದಿನ ಜಗಲೀಲಿ ಮಗ್ಗ ಹೂಡ್ಬಿಟ್ಳು.”

“ಮತಕ್ಕೆ ಸೇರಿದ್ರಾ?”

“ಚೀ, ಚೀ. ಶುಕ್ರವಾರ ಚೌಡಮ್ಮಂಗೆ ವಿಳಕ್ಕು ಹಚ್ಚೋಳು, ಬಾಕಿ ದಿನ ಪಾದ್ರಿಗಳಿಗೆ ವೇಷ್ಟಿ ನೇಯೋಳು. ಅವರ ಪೂಜೆ ಮೇಜಿಗೆ ಒಂದು ಬಿಳೀ ಬಟ್ಟೆ ನೇಯ್ದ್ಳು, ನಾಲ್ಕು ತಿಂಗ್ಳು. ಅದು ಮುಗಿದ ದಿನಾನೇ ಪೋಟೋ ಹಿಡಿಯೋನು ಬಂದಿದ್ದ. ದೊರೆ ಇವಳನ್ನ ಕರ್ದು ತನ್ನ ಪಕ್ಕ ಕುರ್ಚಿ ಹಾಕಿಸ್ದ. ಇವಳು ಬೇಡ ಅನ್ಲಿಲ್ಲ. ಬಟ್ಟೇನ ಮಡಿಲಲ್ಲಿ ಇಟ್ಕೊಂಡು, ಕಲೆಕ್ಟ್ರ ಥರ ಕುಂತ್ಳು. ನಾನು ಬೇಲಿ ಪಕ್ಕ ನಿಂತು ನೋಡ್ದೆ, ಈ ಕಣ್ಣಲ್ಲೇ.”

ಆಮೇಲಿನದನ್ನು ಕುಪ್ಪಮ್ಮ ದನಿ ತಗ್ಗಿಸಿ ಹೇಳಿದಳು. ತಗ್ಗಿಸಿದ ದನಿಯೂ ಮೂರನೆಯ ಮನೆಗೆ ಕೇಳುವಂತಿತ್ತು. ಫೋಟೋ ಗೋಡೆಗೆ ಬಂತು. ಬೀದಿಯವರು ನೋಡಿದರು. ಪಾದ್ರಿಗಳ ನಡುವೆ ನಮ್ಮ ಮನೆಯ ವಿಧವೆ ಕುರ್ಚಿ ಹಾಕಿಕೊಂಡು ಕೂತರೆ ಮತಕ್ಕೆ ಸೇರಿದಳು ಎನ್ನುತ್ತಾರೆ, ಬೀದಿಯ ಹೆಣ್ಣುಮಕ್ಕಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಬೆಳ್ಳಿಯಮ್ಮನ ತಮ್ಮ ನಾಲ್ಕು ಜನ ಹಿರಿಯರೊಡನೆ ಸೆಮಿನರಿಗೆ ಹೋದ. ದೊರೆ ರಜೆಯ ಮೇಲೆ ತನ್ನ ಸೀಮೆಗೆ ಹೋಗಿದ್ದ. ಉಳಿದ ಅಧ್ಯಾಪಕರಿಗೂ ನೇಯುವವಳು ಕುರ್ಚಿ ಏರಿದ್ದು ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು.

“ಎರಡು ಮತದೋರೂ ಒಂದೇ ಬಾಯಲ್ಲಿ ಸರಿ ಅಂದಿದ್ದು ಅದೊಂದೇ ಸಂಗತಿ ನೋಡು,” ಎಂದಳು ಕುಪ್ಪಮ್ಮ. “ತಿಂಗಳಲ್ಲಿ ಕಂಬ ಬಂತು.”

“ಬೆಳ್ಳಿಯತ್ತೆ ಏನಂದ್ರು?”

“ಅವಳಾ? ಮಗ್ಗ ಬಿಡ್ಲಿಲ್ಲ. ದಿನಾ ಬೆಳಗ್ಗೆ ಹಜಾರಕ್ಕೆ ಹೋಗಿ ಪೋಟೋ ಮುಂದೆ ನಿಂತು, ಜೋರಾಗಿ, ಎಲ್ರಿಗೂ ಕೇಳೋ ಹಂಗೆ, ‘ಏನು ಬೆಳ್ಳಿಯಮ್ಮಾ, ಸೌಖ್ಯವಾ? ಕಾಲು ನೋಯ್ತದಾ ನಿಂತೂ ನಿಂತೂ?’ ಅಂತ ಕಂಬಾನ ಕೇಳೋಳು. ಆಮೇಲೆ ಕೆಲಸಕ್ಕೆ ಕುಂತ್ಕೊಳೋಳು. ಸಾಯೋ ತನಕ ಹದಿನಾಲ್ಕು ವರ್ಷ. ಒಂದಿನಾನೂ ತಪ್ಪಿಸ್ಲಿಲ್ಲ.”

ಮಾರನೆಯ ದಿನ ವಿಜಯಕುಮಾರಿ ಸೆಮಿನರಿಯ ಹಳೆಯ ಹಾರ್ಮೋನಿಯಂ ಕೆಳಗಿದ್ದ ತಗಡಿನ ಪೆಟ್ಟಿಗೆಯನ್ನು ಎಳೆದಳು. ಹಳೆಯ ಕಾಲದಲ್ಲಿ ಫೋಟೋದ ಮೂಲ ಗಾಜಿನ ಹಲಗೆಯ ಮೇಲೆ ಇರುತ್ತಿತ್ತು. ಅಂಥ ಗಾಜುಗಳು, ಪತ್ರಿಕೆಯ ಹಾಳೆಗಳಲ್ಲಿ ಸುತ್ತಿದವು, ಅರವತ್ತೆರಡು ಇದ್ದವು. ಹದಿನೆಂಟು ಒಡೆದಿದ್ದವು. 1931ರದನ್ನು ಆಕಾಶಕ್ಕೆ ಹಿಡಿದು ನೋಡಿದಳು. ಬಿಳಿ ಅಂಗಿಗಳೆಲ್ಲ ಕರಿ, ಕರಿ ಮುಖಗಳೆಲ್ಲ ಬಿಳಿ. ನಡುವೆ, ಆರು ಮತ್ತು ಏಳರ ಮಧ್ಯೆ, ಮೇಲಿನಿಂದ ಕೆಳಗಿನವರೆಗೆ ಕೆಂಪು ಬಣ್ಣದ ಪಟ್ಟಿ.

ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸಿಂಗಾನಲ್ಲೂರು ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋಗೆ ಹೋದಳು. ಸ್ಟುಡಿಯೋದ ದಂಡಪಾಣಿ ಬೀದಿಯವನೇ. ಈಶ್ವರನ್‌ನ ಫೋಟೋ ದೊಡ್ಡದು ಮಾಡಿದವನು ಅವನೇ. ಗಾಜನ್ನು ಕಿಟಕಿಗೆ ಹಿಡಿದು ತಲೆದೂಗಿದ.

“ಕಸುಬು ಬಲ್ಲೋನು ಬಳಿದವ್ನೆ ಅಮ್ಮಣಿ. ಕೆಂಪು ಇದ್ದ ಕಡೆ ಬೆಳಕು ದಾಟಾದಿಲ್ಲ, ಪ್ರಿಂಟ್‌ನಲ್ಲಿ ಅಲ್ಲಿ ಬೆಳ್ಳಗೆ ಬರ್ತದೆ. ಅಪ್ಪುರಂ ಅದರ ಮೇಲೆ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳುದ್ರೆ ಕಂಬ.”

“ಬಣ್ಣದ ಕೆಳಗೆ ಇರೋದು?”

“ಇದ್ದೇ ಇರ್ತದೆ. ನೋಡು, ಬರೀ ಗಾಜಿನ ಕಡೆ ಬಳಿದವ್ನೆ, ಚಿತ್ರ ಇರೋ ಕಡೆ ಮುಟ್ಟಿಲ್ಲ. ಒದ್ದೆ ಹತ್ತಿ ಸಾಕು, ಎದ್ದು ಬರ್ತದೆ. ಆದ್ರೆ ಯಾಕಮ್ಮಾ ಈ ವೇಲೆ, ಬೇಡದ ಕೆಲಸ? ಬೀದಿಯೋರು ಸುಮ್ನೆ ಬಿಡ್ತಾರಾ?”

“ನನ್ನ ಅಳಿಸೋಕೆ ಎಷ್ಟೊತ್ತು ಹಿಡೀತು, ಅಣ್ಣಾ?”

ದಂಡಪಾಣಿ ಗಾಜನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟ. ಕೈಗಳನ್ನು ಪಂಚೆಗೆ ಒರೆಸಿಕೊಂಡ. “ಅರ್ಧ ದಿನ. ಬೆರಳು ಮಾತ್ರ ಹೋಗ್ಲಿಲ್ಲ.” ಸ್ವಲ್ಪ ಬಿಟ್ಟು, “ನಾನು ಬಳಿದಿದ್ದು ಪ್ರಿಂಟ್ ಮೇಲೆ, ಅಮ್ಮಣಿ. ನೆಗೆಟಿವ್ ಹಂಗೇ ಇದೆ. ಅದ್ರಲ್ಲಿ ನೀನು ರಾಣಿ ಥರಾ ಇದ್ದೀಯ. ಬೇಕಂದ್ರೆ…”

“ಇವತ್ತು ಇದು ಸಾಕು,” ಎಂದಳು. “ನಾನು ತೊಳೆದು ತರ್ತೀನಿ. ದೊಡ್ಡ ಪ್ರಿಂಟ್ ಹಾಕ್ಕೊಡ್ತೀರಾ, ಇಲ್ವಾ, ಅಷ್ಟು ಹೇಳಿ.”

ದಂಡಪಾಣಿ ಗೋಡೆಯ ಕ್ಯಾಲೆಂಡರಿನ ದೇವರನ್ನು ನೋಡಿದ. ದೇವರು ಏನೂ ಹೇಳಲಿಲ್ಲ. “ಹಾಕ್ಕೊಡ್ತೀನಿ. ಯಾರು ಹಾಕಿದ್ದು ಅಂತ ಕೇಳುದ್ರೆ ನನ್ನ ಹೆಸರು ಬೇಡ.”

“ನಿಮ್ಮ ಹೆಸರೂ ಬರೀತೀನಿ. ಇನ್ನು ಯಾರ ಹೆಸರೂ ಬಿಡಲ್ಲ.”

ಅವಳು ಮನೆಗೆ ಬರುವ ಹೊತ್ತಿಗೆ ಸುದ್ದಿ ಬಂದು ಕೂತಿತ್ತು. ಕುಪ್ಪಮ್ಮನ ಗುಟ್ಟಿಗೆ ಕಾಲು ಬೇಗ ಬರುತ್ತದೆ. ಗೋಪಾಲಸಾಮಿ ಹಜಾರದಲ್ಲಿ ಕಾದಿದ್ದ. ಎತ್ತರದ ಆಳು, ಚೌಕವಾದ ಗಲ್ಲ, ಹೆಗಲ ಮೇಲೆ ಯಾವಾಗಲೂ ತುಂಡು ವಸ್ತ್ರ. ವಿಜಯಕುಮಾರಿ ಕಾಫಿ ಲೋಟವನ್ನು ಅವನ ಮುಂದೆ ನೆಲದ ಮೇಲೆ ಇಟ್ಟು ಹಿಂದೆ ಸರಿದಳು. ಆ ಮನೆಯಲ್ಲಿ ಮಾವನ ಕೈಗೆ ಸೊಸೆ ಲೋಟ ಕೊಡುವುದಿಲ್ಲ. ಮಾವ ಸೊಸೆಯನ್ನು ಮುಟ್ಟುವಂತಿಲ್ಲ, ಸೆರಗು ತಾಕಿದರೂ ತಲೆಗೆ ನೀರು ಹಾಕಿಕೊಳ್ಳಬೇಕು. ತಲೆತಲಾಂತರದ ಕಟ್ಟಳೆ.

“ಅಮ್ಮಣಿ, ಆ ಕಂಬ ಇದ್ದಂಗೆ ಇರ್ಲಿ.”

“ಅಲ್ಲಿ ಕಂಬ ಇಲ್ಲ ಮಾಮಾ. ನಿಮ್ಮ ಅತ್ತೆ ಇದ್ದಾರೆ.”

“ಇದ್ರು. ಹೋದ್ರು. ಈಗ ಪಲ್ಲಡಂನಿಂದ ಚಂದ್ರಾನ್ನ ನೋಡೋಕೆ ಬರ್ತಾವ್ರೆ, ಮುಂದಿನ ತಿಂಗ್ಳು. ಇವರ ಮನೇಲಿ ಒಬ್ಳು ಪಾದ್ರಿಗಳ ವೇದಕ್ಕೆ ಸೇರಿದ್ಳು ಅಂತ ಒಬ್ಬ ಹೇಳುದ್ರೂ ಸಂಬಂಧ ಕೈ ಬಿಡ್ತದೆ. ನನ್ನ ಮಗಳು ಮನೇಲೇ ಕೂರ್ಬೇಕಾ?” ದನಿ ಸಿಟ್ಟಿನದಲ್ಲ, ದಣಿದದ್ದು. ಚಂದ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅಪ್ಪನ ಗಲ್ಲವೇ ಅವಳಿಗೂ.

“ಐವತ್ನಾಲ್ಕು ವರ್ಷದ ಹಿಂದೆಯೂ ಇದೇ ಮಾತು ಹೇಳಿದ್ರಂತೆ.”

“ಹೇಳಿದ್ದು ನನ್ನಪ್ಪ. ತಪ್ಪೇನು ಹೇಳ್ದ?” ಈಗ ದನಿ ಏರಿತು. “ಓದಿದ್ದೀಯ ಅಂತ ಕಳಿಸ್ದೆ. ಚೀಟಿ ಬರಿ, ಬೇಡ ಅನ್ನಲ್ಲ. ಆ ಕಂಬ ಕಿತ್ತೆ ಅಂದ್ರೆ ಈ ಹೊಸಿಲು ದಾಟ್ಬೇಡ. ಆನೈಮಲೈಗೆ, ನಿನ್ನಪ್ಪನ ಮನೆಗೆ, ಅಲ್ಲಿಂದಲೇ ಬಸ್ ಹತ್ತು.”

ಅವಳು ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟಳು. ಮಲಗುವಾಗ ತನಗೆ ಹೆದರಿಕೆ ಆಗಿದೆಯೇ ಎಂದು ಹುಡುಕಿ ನೋಡಿದಳು. ಸಿಗಲಿಲ್ಲ. ಎರಡು ವರ್ಷದಿಂದ ಒಳಗೆಲ್ಲ ಮರಗಟ್ಟಿತ್ತು. ಮರಗಟ್ಟಿದ ಕೈಯಿಂದ ಕೆಂಡ ಎತ್ತಬಹುದು, ಅಷ್ಟೇ ಅದರ ಉಪಯೋಗ.

ಬೆಳಗ್ಗೆ ಪಾಸ್ಟರ್ ಕೂಡ ಅದನ್ನೇ ಹೇಳಿದರು. ಹಬ್ಬಕ್ಕೆ ಬೀದಿಯ ಹಿರಿಯರನ್ನೂ ಕರೆದಿದ್ದೇವೆ. ಬಾವಿ ಒಂದೇ, ದಾರಿ ಒಂದೇ. ನೂರು ವರ್ಷ ಜಗಳವಿಲ್ಲದೆ ಇದ್ದೇವೆ. ಹಳೆಯ ಫೋಟೋವನ್ನೇ ಹಾಕೋಣ.

“ಜಗಳ ಇಲ್ಲದೆ ಇದ್ದದ್ದು ಹೇಗೆ ಅಂತಲೂ ಆ ಫೋಟೋದಲ್ಲೇ ಇದೆ ಅಯ್ಯಾ,” ಎಂದಳು. “ಹಳೆಯದನ್ನೂ ಹಾಕುತ್ತೇನೆ. ಪಕ್ಕದಲ್ಲೇ ಇದನ್ನೂ.”

ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸ ಅದಲ್ಲ ಎಂದು ಅವಳಿಗೆ ಅನಿಸಿತ್ತು. ನಡುಮಧ್ಯಾಹ್ನ, ಮುಂದಿನ ಜಗಲಿಯಲ್ಲಿ, ಆ ಕುರ್ಚಿ ಇದ್ದಿರಬಹುದಾದ ಜಾಗದಲ್ಲಿ ಚಾಪೆ ಹಾಸಿ ಕೂತಳು. ಹಳೆಯ ಸೀರೆಯ ಮಡಿಕೆಯ ಮೇಲೆ ಗಾಜು. ಪಕ್ಕದಲ್ಲಿ ಬಟ್ಟಲಲ್ಲಿ ನೀರು, ಹತ್ತಿ. ಬಾವಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಅವಳು ಹತ್ತಿಯನ್ನು ಹಿಂಡಿ, ಕೆಂಪು ಪಟ್ಟಿಯ ಕೆಳತುದಿಗೆ ಒತ್ತಿದಳು. ಬಣ್ಣ ಮೊದಲು ಅಲುಗಲಿಲ್ಲ. ಆಮೇಲೆ ಕುಂಕುಮದ ನೀರಿನಂತೆ ಬಿಟ್ಟುಕೊಂಡು ಬಂತು. ಪಾದ ಬಂತು. ಕುರ್ಚಿಯ ಕಾಲು. ಮಡಿಲಲ್ಲಿ ಮಡಿಸಿಟ್ಟ ಬಟ್ಟೆ; ಗಾಜಿನಲ್ಲಿ ಅದು ಕಪ್ಪಗೆ ಕಂಡಿತು. ಅದರ ಮೇಲೆ ಎರಡು ಕೈ. ಕೈ ಮುದುರಿಕೊಂಡಿರಲಿಲ್ಲ.

ನೆರಳು ಬಿದ್ದದ್ದು ಕಂಡು ತಲೆ ಎತ್ತಿದಳು. ಪಾಸ್ಟರ್ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು. ಗಾಜಿನಿಂದ ಕಣ್ಣು ತೆಗೆಯಲಿಲ್ಲ.

“ಸಮಿತಿಗೆ ನಾನು ಏನು ಹೇಳಲಮ್ಮ?”

“ಧೂಳು ಒರೆಸಿದಳು ಅಂತ ಹೇಳಿ.”

ಅವರು ಹೋಗಲಿಲ್ಲ. ಮುಖ ಬರುವವರೆಗೆ ನಿಂತಿದ್ದರು. ಮುಖ ಬಂದಾಗ, “ಕರ್ತರೇ!” ಎಂದರು. ಅದು ಪ್ರಾರ್ಥನೆಯೋ ಭಯವೋ ತಿಳಿಯಲಿಲ್ಲ.

ತಲೆಗಳಿಗೆ ಮತ್ತೆ ನಂಬರು ಹಾಕಬೇಕಾಯಿತು. ಬೆಳ್ಳಿಯಮ್ಮ ಏಳಾದಳು. ಬಿಷಪ್ಪರು ಎಂಟಕ್ಕೆ ಸರಿದರು. ಅಲ್ಲಿಂದ ಮುಂದೆ ಎಲ್ಲರೂ ಒಂದೊಂದು ಸ್ಥಾನ ಹಿಂದಕ್ಕೆ ಹೋಗಿ ನಲವತ್ತಕ್ಕೆ ಮುಗಿಯಿತು. ಪೂಜೆಯ ಮೇಜಿನ ಬಿಳಿಯ ಬಟ್ಟೆಯ ಹಳೆಯ ಚೀಟಿಯಲ್ಲಿ ‘ವಿದೇಶದಿಂದ ಬಂದದ್ದು’ ಎಂದಿತ್ತು. ಅದನ್ನು ಹರಿದು, ‘ಬೆಳ್ಳಿಯಮ್ಮ ನೇಯ್ದದ್ದು, ಹಿಂದಿನ ಜಗಲಿಯಲ್ಲಿ, 1931’ ಎಂದು ತಮಿಳಿನಲ್ಲಿ ಬರೆದಳು.

ಹಬ್ಬಕ್ಕೆ ಉಳಿದಿದ್ದ ಮೂರು ವಾರ ಗೋಪಾಲಸಾಮಿ ಅವಳೊಡನೆ ಮಾತಾಡಲಿಲ್ಲ. ಗಾಜು ತೊಳೆದದ್ದು ಅವನಿಗೆ ಗೊತ್ತಿತ್ತು, ಬಾವಿಯ ಹೆಂಗಸರಿದ್ದರಲ್ಲ. ಆದರೆ ಫೋಟೋ ಗೋಡೆಗೆ ಬರುವವರೆಗೆ ಕಂಬ ಕಿತ್ತಂತಲ್ಲ ಎಂದು ಅವನ ಲೆಕ್ಕ. ಹೊಸಿಲಿನ ಮಾತನ್ನು ಅವನು ಹಬ್ಬದ ದಿನಕ್ಕೆ ಎತ್ತಿಟ್ಟಿದ್ದ.

ಹಬ್ಬದ ದಿನ ಕೋಯಮತ್ತೂರಿನಿಂದ ಎರಡು ವ್ಯಾನು ಜನ ಬಂದರು. ಹಾಡು, ಪ್ರಾರ್ಥನೆ, ಭಾಷಣ ಆದವು. ಹನ್ನೊಂದಕ್ಕೆ ಕೋಣೆಯ ಬಾಗಿಲು ತೆರೆದರು. ಜನ ಗಂಟೆ ನೋಡಿದರು, ಹಳೆಯ ದೊರೆಗಳ ಕನ್ನಡಕ ನೋಡಿದರು, ಹಾರ್ಮೋನಿಯಂ ಒತ್ತಿ ಬೈಸಿಕೊಂಡರು. ಎಡಗೋಡೆಯ ಮುಂದೆ ಮಾತ್ರ ಸಾಲು ನಿಂತು ಸರಿಯಲೇ ಇಲ್ಲ. ಅಲ್ಲಿ ಎರಡು ಫೋಟೋ ಪಕ್ಕಪಕ್ಕದಲ್ಲಿ ಇದ್ದವು. ಒಂದರಲ್ಲಿ ಕಂಬ. ಇನ್ನೊಂದರಲ್ಲಿ ಬಿಳಿ ಸೀರೆಯ ಹೆಂಗಸು, ಬೆನ್ನು ನೆಟ್ಟಗೆ, ಕಣ್ಣು ನೇರ.

ಬೀದಿಯ ಹಿರಿಯರು ಒಟ್ಟಿಗೆ ಬಂದರು. ಗೋಪಾಲಸಾಮಿ ಮುಂದೆ. ಅವನು ಫೋಟೋವನ್ನು ನೋಡಿದ. ಯಾರೂ ಏನೂ ಹೇಳುತ್ತಿರಲಿಲ್ಲವೇನೋ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಕುಪ್ಪಮ್ಮ ಇಲ್ಲದಿದ್ದರೆ.

“ಅಯ್ಯಯ್ಯೋ, ಪಾರುಂಗೋ, ನೋಡ್ರೋ!” ಎಂದು ಕೂಗಿದಳು. “ನಮ್ಮ ಗೋಪಾಲು ಸೀರೆ ಉಟ್ಕೊಂಡು ಕುಂತವ್ನೆ! ಅದೇ ಗಲ್ಲ, ಅದೇ ಮುಖ!”

ನಗು ಗಾಳಿಗೆ ಹತ್ತಿದ ಬೆಂಕಿಯಂತೆ ಹಬ್ಬಿತು. ಹಿರಿಯರೂ ತುಂಡು ಬಾಯಿಗೆ ಒತ್ತಿಕೊಂಡರು. ಗೋಪಾಲಸಾಮಿಯ ಕಿವಿ ಕೆಂಪಾಯಿತು. ಎರಡು ಹೆಜ್ಜೆ ಮುಂದೆ ಬಂದು ಚೌಕಟ್ಟಿಗೆ ಕೈ ಚಾಚಿದ.

ವಿಜಯಕುಮಾರಿ ನಡುವೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಫೋಟೋ ಅವಳ ತಲೆಯ ಹಿಂದೆ ಇತ್ತು. ಅವನ ಕೈ ಅವಳ ಭುಜದಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ನಿಂತಿತು.

“ಅತ್ತ ಸರಿ.”

“ಸರಿಯೋದಿಲ್ಲ ಮಾಮಾ. ಇದನ್ನ ತೆಗೀಬೇಕಂದ್ರೆ ಮೊದ್ಲು ನನ್ನ ತೆಗೀರಿ.” ದನಿ ದೊಡ್ಡದಿರಲಿಲ್ಲ, ಆದರೆ ಕೋಣೆಯ ಕೊನೆಗೂ ಕೇಳಿತು. “ಒಂದ್ಸಲ ತೆಗೆದಿದ್ದೀರಲ್ಲ, ಅಭ್ಯಾಸ ಇದೆ.”

ತೆಗೆಯಬೇಕಾದರೆ ಮುಟ್ಟಬೇಕು. ಇಡೀ ಬೀದಿ ನೋಡುತ್ತಿತ್ತು. ಎರಡು ವ್ಯಾನಿನ ಜನರಿಗೆ ಆ ಒಂದು ಗೇಣಿನ ಅರ್ಥ ಗೊತ್ತಿರಲಿಲ್ಲ, ಬೀದಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೋಪಾಲಸಾಮಿಯ ಕೈ ಸ್ವಲ್ಪ ಬಲಕ್ಕೆ ಹೋಯಿತು. ಅವಳೂ ಬಲಕ್ಕೆ ವಾಲಿದಳು. ಎಡಕ್ಕೆ ಬಂತು, ಅವಳೂ ಎಡಕ್ಕೆ. ಕೊನೆಗೆ ಅವನು ಕೈ ಇಳಿಸಿದ. ಹೆಗಲಿನ ತುಂಡನ್ನು ಕೊಡವಿ ಹಾಕಿಕೊಂಡು, ಯಾರನ್ನೂ ನೋಡದೆ ಹೊರಟುಹೋದ.

ಅವಳು ಅಲ್ಲಿಂದ ಕದಲಲಿಲ್ಲ. ಊಟಕ್ಕೆ ಎಲೆ ಹಾಕಿದರು, ಹೋಗಲಿಲ್ಲ. ಮತ್ತೆ ಇಬ್ಬರು ಹಿರಿಯರು ಬಂದು ಇಣುಕಿದರು, ಅವಳನ್ನು ಕಂಡು ಹಿಂದೆ ಹೋದರು. ಕುಪ್ಪಮ್ಮ ಟೀ ತಂದು ಕೈಯಲ್ಲಿಟ್ಟಳು. “ಕಾಲು ನೋಯ್ತದಾ, ಕಂಬಮ್ಮಾ?” ಎಂದಳು. ವಿಜಯಕುಮಾರಿಗೆ ನಗು ಬಂತು. ಅದು ಎಲ್ಲಿಂದ ಬಂತೋ ಅವಳಿಗೇ ಆಶ್ಚರ್ಯವಾಗಿ, ಟೀ ಸೆರಗಿನ ಮೇಲೆ ಚೆಲ್ಲಿತು.

ಐದು ಗಂಟೆಗೆ ಪಾಸ್ಟರ್ ಬೀಗ ಹಿಡಿದು ಬಂದರು. “ಇನ್ನು ಮನೆಗೆ ಹೋಗಮ್ಮ.”

“ಬೀಗದ ಕೈ ನನಗೆ ಕೊಡಿ.”

“ಯಾಕೆ?”

“ಇದು ನಿಮ್ಮ ಹತ್ತಿರ ಇದ್ದರೆ ಯಾರಾದರೂ ಬಂದು ದನಿ ಏರಿಸುತ್ತಾರೆ. ನಿಮಗೆ ಹೊಟ್ಟೆ ನೋವು ಬರುತ್ತೆ. ನೀವು ಕೊಟ್ಟುಬಿಡುತ್ತೀರಿ.”

ಪಾಸ್ಟರ್ ಅದನ್ನು ಅಲ್ಲಗಳೆಯಲಿಲ್ಲ. ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಅವಳಿಗೆ ಕೊಟ್ಟರು. ಅವಳು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಾಳೆ ಒಂಬತ್ತಕ್ಕೆ ತೆರೆಯುತ್ತೇನೆ,” ಎಂದಳು.

ಹುಣಿಸೆಮರದ ಸಾಲು ದಾಟಿ ತಿರುವಿಗೆ ಬಂದಾಗ ಆನೈಮಲೈ ಕಡೆಗೆ ಹೋಗುವ ಬಸ್ಸು ನಿಂತಿತ್ತು. ಕಂಡಕ್ಟರು ಅವಳನ್ನು ನೋಡಿ ಸೀಟಿ ಊದದೆ ಕಾದ. ಅವಳು ಬಸ್ಸಿನ ಮುಂದಿನಿಂದ ರಸ್ತೆ ದಾಟಿ ಬೀದಿಗೆ ಇಳಿದಳು.

ಬಾಗಿಲು ತೆರೆದಿತ್ತು. ಗೋಪಾಲಸಾಮಿ ಹೊಸಿಲಿನ ಮೇಲೆ ಕೂತು, ಬೆನ್ನನ್ನು ಬಾಗಿಲ ಚೌಕಟ್ಟಿನ ಒಂದು ಬದಿಗೆ ಆನಿಸಿ, ಕಾಲುಗಳನ್ನು ಇನ್ನೊಂದು ಬದಿಗೆ ಚಾಚಿದ್ದ. ಬಾಗಿಲಿಗೆ ಅಡ್ಡಗಟ್ಟೆ ಹಾಕಿದಂತೆ. ಎದುರು ಮನೆಗಳ ಜಗಲಿಗಳಲ್ಲಿ ಕೆಲಸ ನಿಂತಿತು. ಅವನು ಅವಳನ್ನು ನೋಡಲಿಲ್ಲ. ಹೇಳುವುದನ್ನು ಹೇಳಿಯಾಗಿತ್ತು.

ವಿಜಯಕುಮಾರಿ ನಡೆಯುತ್ತಲೇ ಬಂದಳು. ಹೆಜ್ಜೆ ನಿಧಾನ ಮಾಡಲಿಲ್ಲ, ಜೋರೂ ಮಾಡಲಿಲ್ಲ. ಮೂರು ಮಾರು. ಎರಡು. ಒಂದು. ಸೀರೆಯ ನೆರಿಗೆ ಅವನ ಹಿಮ್ಮಡಿಗೆ ತಾಕುವಷ್ಟರಲ್ಲಿ ಗೋಪಾಲಸಾಮಿ ಕಾಲುಗಳನ್ನು ಸರಕ್ಕನೆ ಒಳಗೆಳೆದುಕೊಂಡ.

ಅವಳು ಹೊಸಿಲು ದಾಟಿದಳು. ಚಂದ್ರಾ ಲೈಟು ಹಾಕಿದಳು. ಗೋಡೆಯ ಮೇಲೆ ಈಶ್ವರನ್ ಇದ್ದ. ಅವನ ಮೊಣಕೈ ಮೇಲೆ ಮೂರು ಬೆರಳು ಇದ್ದವು.

“ಅತ್ತಿಗೆ,” ಚಂದ್ರಾ ಮೆಲ್ಲಗೆ ಕೇಳಿದಳು, “ಆ ಪೋಟೋ ನಾನೂ ನೋಡ್ಬೇಕಲ್ಲ.”

“ನಾಳೆ ಬಾ,” ಎಂದಳು ವಿಜಯಕುಮಾರಿ, ಹೊರಗಿನವರಿಗೂ ಕೇಳುವಷ್ಟು ಜೋರಾಗಿ. “ನೋಡಿದ್ಮೇಲೆ ಅಲ್ಲಿಂದ ಹಂಗೇ ದಂಡಪಾಣಿ ಸ್ಟುಡಿಯೋಗೂ ಹೋಗಿ ಬರೋಣ. ಅಲ್ಲಿ ನಂದೊಂದು ನೆಗೆಟಿವ್ ಇದೆ.”